ಕೊಟ್ಟಿಗೆಯ ಹಳೆಯ ಮೋಟಾರು: ಅಂಬಾಸಿಡರ್ ಮೇಲೋ, ಫಿಯಟ್ ಮೇಲೋ?

ಹಿರಿಯರು ಬಳಸಿ ಬಿಟ್ಟುಹೋದ ಮೋಟಾರು ಗಾಡಿಯನ್ನು ಮನೆಯಲ್ಲಿಟ್ಟುಕೊಳ್ಳುವುದೋ, ಗುಜರಿಗೆ ಕೊಟ್ಟುಬಿಡುವುದೋ ಎಂಬ ಪ್ರಶ್ನೆಯು ಈಚೆಗೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಎದ್ದಿರುವುದು. ಮೇಲುನೋಟಕ್ಕೆ ಇದು ಸಣ್ಣ ಮಾತು. ಆದರೆ ಒಮ್ಮೆ ಗುಜರಿಗೆ ಹೋದ ಗಾಡಿಯು ಮರಳಿ ಬಾರದು. ಇಟ್ಟುಕೊಂಡ ಗಾಡಿಯನ್ನು ನೋಡಿಕೊಳ್ಳದಿದ್ದರೆ ಅದು ಅಂಗಳದ ಮೂಲೆಯಲ್ಲಿಯೇ ಮಣ್ಣಾಗುವುದು. ಆದುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎರ್ಮಾಳನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಪಡುವಲಿಗೆ ಸಮುದ್ರ, ಊರನ್ನು ಸೀಳಿಕೊಂಡು ಹೋಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿ. ತೆಂಕ, ಬಡಾ ಎಂದು ಎರಡಾಗಿರುವ ಈ ಊರಿನಿಂದ ಜಾತ್ರೆಗಳ ಸಾಲು ತೊಡಗಿ ಖಂಡೇವಿನಲ್ಲಿ ಮುಗಿಯುವುದೆಂದು ತುಳುವರಲ್ಲಿ ಗಾದೆಯೇ ಇದೆ. ಜಾತ್ರೆಗೆಂದೂ, ಮದುವೆಗೆಂದೂ, ಭೂತದ ಕೋಲಕ್ಕೆಂದೂ ಮುಂಬಯಿಯಿಂದ ಊರಿಗೆ ಬರುವವರು ಇಲ್ಲಿ ಬಹುಮಂದಿ. ಇಂತಹ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರು ತೀರಿಕೊಂಡಿದ್ದಾರೆ. ಅವರ ಗಾಡಿಯು ದನವಿಲ್ಲದ ಕೊಟ್ಟಿಗೆಯಲ್ಲಿ ತಾರ್ಪಾಲು ಹೊದ್ದು ನಿಂತಿದೆ. ಮುಂಬಯಿಯ ಮಗನು ಫೋನಿನಲ್ಲಿ, “ಅಮ್ಮಾ, ಯಾರಾದರೂ ಕೇಳಿದರೆ ಅದನ್ನು ಕೊಟ್ಟುಬಿಡಿ” ಎನ್ನುತ್ತಾನೆ. ಊರಿನಲ್ಲಿರುವ ತಾಯಿಯು, “ಅಪ್ಪ ಇದ್ದಾಗ ತೊಳೆಯದೆ ಒಂದು ದಿನವೂ ಬಿಟ್ಟವರಲ್ಲ, ಮಗಾ” ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಇವರಿಗೆ ಬೇಕಾದುದು ವಾದವಲ್ಲ, ತಿಳಿವು.

ನಮ್ಮ ಕೊಟ್ಟಿಗೆಗಳಲ್ಲಿ ನಿಂತಿರುವ ಹಳೆಯ ಕಾರುಗಳು ಹೆಚ್ಚಾಗಿ ಎರಡೇ ಜಾತಿಯವು: ಅಂಬಾಸಿಡರ್ ಮತ್ತು ಫಿಯಟ್. ಒಂದು ಕಾಲದಲ್ಲಿ ಈ ದೇಶದ ಗೃಹಸ್ಥನಿಗೆ ಇವೆರಡರ ಹೊರತು ಬೇರೆ ಆಯ್ಕೆಯೇ ಅಪರೂಪವಾಗಿತ್ತು. ಹಣ ಕಟ್ಟಿ, ಹೆಸರು ಬರೆಯಿಸಿ, ವರ್ಷಗಟ್ಟಲೆ ಕಾದ ಮೇಲೆಯೇ ಗಾಡಿಯು ಮನೆಗೆ ಬರುತ್ತಿದ್ದಿತು. ಇವೆರಡರ ಹುಟ್ಟನ್ನು ಮೊದಲು ತಿಳಿದರೆ ಗುಣವನ್ನು ತಿಳಿಯುವುದು ಸುಲಭ.

ಅಂಬಾಸಿಡರನ್ನು ತಯಾರಿಸಿದ ಹಿಂದುಸ್ತಾನ್ ಮೋಟಾರ್ಸ್ ಕಂಪೆನಿಯು ೧೯೪೨ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ, ೧೯೪೮ರಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾಡಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಕಂಪೆನಿಯ ಗಾಡಿಗಳನ್ನು ಅನುಸರಿಸಿ ಅದು ಮೊದಲು ಲ್ಯಾಂಡ್‌ಮಾಸ್ಟರನ್ನೂ, ೧೯೫೦ರ ದಶಕದ ಕೊನೆಯಲ್ಲಿ ಅಂಬಾಸಿಡರನ್ನೂ ಹೊರತಂದಿತು. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯೇ ಇದರ ಮೂಲ. ಮುಂದೆ ಮಾರ್ಕ್ ಎರಡು, ಮೂರು, ನಾಲ್ಕು ಎಂದು ಹೆಸರು ಬದಲಾಯಿಸುತ್ತ, ಮೈಕಟ್ಟನ್ನು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು, ೨೦೧೪ರ ಮೇ ತಿಂಗಳವರೆಗೆ ಇದು ತಯಾರಾಗುತ್ತಲಿತ್ತು.

ಫಿಯಟಿನ ಕಥೆಗೆ ಕನ್ನಡಿಗರ ಸಂಬಂಧವೂ ಉಂಟು. ನಮ್ಮ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಯೋಜನೆಯನ್ನು ಸಿದ್ಧಪಡಿಸಿ, ಯೂರೋಪು ಅಮೇರಿಕಗಳ ಕಾರ್ಖಾನೆಗಳನ್ನು ನೋಡಿಬಂದಿದ್ದರು. ಆಗಿನ ಸರಕಾರದ ಒತ್ತಾಸೆಯು ದೊರೆಯಲಿಲ್ಲ. ಅದೇ ಉದ್ದೇಶವನ್ನು ಬೆನ್ನುಹತ್ತಿದ ವಾಲಚಂದ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿದ್ದ ಅದರ ಕಾರ್ಖಾನೆಯಲ್ಲಿ ಮೊದಲು ಅಮೇರಿಕದ ಕ್ರೈಸ್ಲರ್ ಕಂಪೆನಿಯ ಡಾಡ್ಜ್, ಪ್ಲಿಮತ್ ಗಾಡಿಗಳು ತಯಾರಾದವು. ಬಳಿಕ ಇಟಲಿಯ ಫಿಯಟ್ ಕಂಪೆನಿಯೊಡನೆ ಒಪ್ಪಂದವಾಗಿ, ೧೯೫೪ರಿಂದ ಫಿಯಟ್ ೧೧೦೦ ಹೊರಬಿದ್ದಿತು. ಮೈದುಂಬಿದ ಆ ಮೊದಲ ಮಾದರಿಗೆ ಮುಂಬಯಿಯವರು ‘ಡುಕ್ಕರ್ ಫಿಯಟ್’ ಎಂದು ಅಡ್ಡಹೆಸರಿಟ್ಟರು. ೧೯೬೪ರಲ್ಲಿ ಬಂದ ‘೧೧೦೦ ಡಿಲೈಟ್’ ಎಂಬುದೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, ೧೯೭೪ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಕರೆಯಿಸಿಕೊಂಡಿತು. ೨೦೦೦ದ ಆಸುಪಾಸಿನಲ್ಲಿ ಇದರ ತಯಾರಿಕೆಯು ನಿಂತುಹೋಯಿತು. ಕಂಪೆನಿಯ ಹೆಸರು ಏನೇ ಆದರೂ ನಮ್ಮ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟೇ.

ಇನ್ನು ಓಟದ ಮಾತು. ಹಳೆಯ ಪೆಟ್ರೋಲು ಅಂಬಾಸಿಡರಿನ ಎಂಜಿನು ೧೪೮೯ ಸಿ.ಸಿ.; ಸುಮಾರು ೫೦ ಅಶ್ವಶಕ್ತಿ. ಫಿಯಟಿನದು ೧೦೮೯ ಸಿ.ಸಿ.; ೪೦ಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟನ್ನೇ ಕಂಡವರು ಅಂಬಾಸಿಡರೇ ಬಲಶಾಲಿ ಎನ್ನುವರು. ಆದರೆ ಅಂಬಾಸಿಡರಿನ ತೂಕವು ೧,೧೦೦ ಕಿಲೋಗ್ರಾಮುಗಳನ್ನು ಮೀರುವುದು. ಫಿಯಟಿನದು ೯೦೦ರ ಒಳಗೆ. ಒಂದೊಂದು ಅಶ್ವಶಕ್ತಿಯೂ ಎಳೆಯಬೇಕಾದ ತೂಕವನ್ನು ಭಾಗಿಸಿ ನೋಡಿದರೆ ಎರಡರಲ್ಲಿಯೂ ೨೨ ಕಿಲೋಗ್ರಾಮುಗಳ ಆಸುಪಾಸಿಗೆ ಬರುವುದು. ಹಾಗಾದರೆ ಎರಡೂ ಸಮವೇ ಎಂದು ವಾಚಕರು ಕೇಳಬಹುದು. ಕಾಗದದ ಮೇಲೆ ಸಮ. ರಸ್ತೆಯ ಮೇಲೆ ಬೇರೆ.

ನಮ್ಮವರಿಗೆ ಇದನ್ನು ತಿಳಿಸಲು ಆಗುಂಬೆಯ ಘಾಟಿಗಿಂತ ಉತ್ತಮ ಪಾಠಶಾಲೆಯಿಲ್ಲ. ಸೋಮೇಶ್ವರದಿಂದ ಮೇಲೇರುವ ಆ ಹಾದಿಯಲ್ಲಿ ೧೪ ಕಡಿದಾದ ತಿರುವುಗಳಿವೆ. ಇಬ್ಬರೇ ಕುಳಿತು ಹೋಗುವುದಾದರೆ ಅಲ್ಲಿ ಫಿಯಟು ಸುಖ. ಅದರ ಉದ್ದ ನಾಲ್ಕು ಮೀಟರುಗಳಿಗಿಂತ ಕಡಿಮೆ. ಅಂಬಾಸಿಡರಿನದು ಸುಮಾರು ೪.೩ ಮೀಟರು. ಗಿಡ್ಡ ಗಾಡಿಯು ತಿರುವಿನಲ್ಲಿ ಬೇಗ ಮುಖ ತಿರುಗಿಸುವುದು, ಸ್ಟಿಯರಿಂಗು ಹಗುರ, ಇಳಿಯುವಾಗ ಬ್ರೇಕು ತಡೆಯಬೇಕಾದ ತೂಕವೂ ಕಡಿಮೆ. ಆದರೆ ಅದೇ ಘಾಟಿಯನ್ನು ಅಜ್ಜಿ, ಮಕ್ಕಳು, ಹಿಂದಿನ ಡಿಕ್ಕಿಯಲ್ಲಿ ಅಕ್ಕಿಮುಡಿ, ತೆಂಗಿನಕಾಯಿ ಇವುಗಳೊಡನೆ ಏರಬೇಕಾದರೆ ದೊಡ್ಡ ಎಂಜಿನಿನ ಬೆಲೆ ತಿಳಿಯುವುದು. ಅಂಬಾಸಿಡರು ಕೆಳಗಿನ ವೇಗದಲ್ಲಿಯೇ ಎಳೆತವನ್ನು ಕೊಡುವುದರಿಂದ ಗೇರನ್ನು ಮತ್ತೆ ಮತ್ತೆ ಇಳಿಸಬೇಕಾಗಿಲ್ಲ. ಫಿಯಟಿನ ಎಂಜಿನನ್ನು ಕೂಗಿಸಿಯೇ ಏರಿಸಬೇಕು. ಅಂಬಾಸಿಡರಿನ ೧೫ ಅಂಗುಲದ ಗಾಲಿಗಳೂ ಹಿಂದಿನ ಗಟ್ಟಿ ಪ್ಲೇಟು ಸ್ಪ್ರಿಂಗುಗಳೂ ಕೆಟ್ಟ ರಸ್ತೆಯ ಹೊಂಡಗಳನ್ನು ನುಂಗಿಕೊಂಡು ಹೋಗುವುವು. ಪೆಟ್ರೋಲಿನ ಖರ್ಚಿನಲ್ಲಿ ಮಾತ್ರ ಫಿಯಟೇ ಮಿತವ್ಯಯಿ.

ಮುಂಬಯಿಯು ಫಿಯಟನ್ನೂ, ಕಲ್ಕತ್ತೆಯು ಅಂಬಾಸಿಡರನ್ನೂ ಟ್ಯಾಕ್ಸಿಯಾಗಿ ಆರಿಸಿಕೊಂಡುದಕ್ಕೂ ಇಂತಹವೇ ಕಾರಣಗಳು: ಯಾವುದು ಹತ್ತಿರದಲ್ಲಿ ತಯಾರಾಗುವುದೋ ಅದರ ಬಿಡಿಭಾಗ ಸುಲಭ, ಇಕ್ಕಟ್ಟಾದ ಬೀದಿಗೆ ಸಣ್ಣ ಗಾಡಿ ಅನುಕೂಲ. ನಮ್ಮ ಊರುಗಳಲ್ಲಿ ಬಾಡಿಗೆಗೆ ಓಡಿದುದು ಹೆಚ್ಚಾಗಿ ಅಂಬಾಸಿಡರು. ಮದುಮಗಳನ್ನು ತಂದುದೂ ಅದೇ, ರೋಗಿಯನ್ನು ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸಿದುದೂ ಅದೇ. ಆದುದರಿಂದ ಓಟದ ವಿಷಯದಲ್ಲಿ ತೀರ್ಪು ಹೀಗಾಗುವುದು: ಓಡಿಸುವವನ ಸುಖಕ್ಕೆ ಫಿಯಟು, ಕುಳಿತವರ ಸುಖಕ್ಕೆ ಅಂಬಾಸಿಡರು.

ಈಗ ಸಂಗ್ರಹದ ಮಾತಿಗೆ ಬರೋಣ. ಹಳೆಯ ವಸ್ತುವಾದ ಮಾತ್ರಕ್ಕೆ ಬೆಲೆ ಬರುವುದೆಂಬುದು ಜನರ ಸಾಮಾನ್ಯ ನಂಬಿಕೆ. ಇದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಅರಿಯಲು, ಹಳೆಯ ಕಾರಿನ ವ್ಯಾಪಾರವು ಬಹಳ ಬೆಳೆದಿರುವ ಅಮೇರಿಕದ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. ೧೯೬೪ರ ಪಾಂಟಿಯಾಕ್ ಜಿ.ಟಿ.ಓ. ಎಂಬ ಗಾಡಿಯಿಂದ ಅಲ್ಲಿ ಹೊಸದೊಂದು ಹುಚ್ಚು ಹಬ್ಬಿತು. ಮಧ್ಯಮ ಗಾತ್ರದ ಗಾಡಿಗೆ ದೈತ್ಯ ಎಂಜಿನನ್ನು ಹೂಡುವುದೇ ಆ ಹುಚ್ಚು. ೧೯೭೦ರ ಷೆವರ್ಲೆ ಷೆವೆಲ್ ಎಂಬುದರ ಒಂದು ಮಾದರಿಗೆ ೪೫೦ ಅಶ್ವಶಕ್ತಿ. ಅಂದರೆ ನಮ್ಮ ಒಂಬತ್ತು ಅಂಬಾಸಿಡರುಗಳ ಬಲ! ಇಂತಹ ಗಾಡಿಗಳನ್ನು ಅಲ್ಲಿಯವರು ‘ಮಸಲ್ ಕಾರ್’ ಎಂದು ಕರೆಯುವರು. ವಿಮೆಯ ಏರಿಕೆ, ಹೊಗೆಯ ಕಟ್ಟಳೆ, ೧೯೭೩ರ ತೈಲದ ಬಿಕ್ಕಟ್ಟು ಇವುಗಳಿಂದ ಆ ಕಾಲವು ಮುಗಿಯಿತು. ಗಾಡಿಗಳು ಸಂಗ್ರಹಕಾರರ ಕೈಸೇರಿದವು.

ಅಲ್ಲಿಯ ಎರಡು ಗಾಡಿಗಳನ್ನು ಹೋಲಿಸಿ ನೋಡಿರಿ. ಫೋರ್ಡ್ ಮಸ್ಟಾಂಗ್ ೧೯೬೪ರ ಏಪ್ರಿಲಿನಲ್ಲಿ ಹೊರಬಂದು, ಮೊದಲ ೧೨ ತಿಂಗಳಲ್ಲಿಯೇ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಸಾಧಾರಣ ಮಾದರಿಗಳನ್ನು ಇಂದಿಗೂ ಮಧ್ಯಮ ವರ್ಗದವರು ಕೊಂಡು ಓಡಿಸಬಲ್ಲರು, ಬಿಡಿಭಾಗಗಳಿಗೆ ಬರವಿಲ್ಲ. ಒಂದು ಕಾಲಕ್ಕೆ ನಮ್ಮ ಕುರ್ಲಾಕ್ಕೆ ಗಾಡಿಯ ನಮೂನೆಗಳನ್ನು ಕೊಟ್ಟ ಕ್ರೈಸ್ಲರಿನ ಪ್ಲಿಮತ್ ಶಾಖೆಯು ೧೯೭೧ರಲ್ಲಿ ‘ಹೆಮಿ ಕುಡಾ’ ಎಂಬ ಭಾರೀ ಎಂಜಿನಿನ ಗಾಡಿಯನ್ನು ಮೇಲ್ಚಾವಣಿ ಮಡಿಸುವ ಮಾದರಿಯಲ್ಲಿ ಕೇವಲ ೧೧ರಷ್ಟು ತಯಾರಿಸಿತು. ೨೦೧೪ರಲ್ಲಿ ಅವುಗಳೊಳಗಿನ ಒಂದು ೩೫ ಲಕ್ಷ ಡಾಲರುಗಳಿಗೆ ಹರಾಜಾಯಿತು. ವಯಸ್ಸಿನಲ್ಲಿ ಮಸ್ಟಾಂಗೇ ಹಿರಿದು. ಬೆಲೆಯಲ್ಲಿ ಎಣೆಯಿಲ್ಲದಷ್ಟು ಅಂತರ. ಬೆಲೆಯನ್ನು ಕಟ್ಟುವುದು ವಯಸ್ಸಲ್ಲ, ವಿರಳತೆ ಎಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಪಾಠವೂ ಅಲ್ಲಿಂದ ಬರುವುದು. ವಿರಳ ಗಾಡಿಗೆ ಬೆಲೆ ಬಂದೊಡನೆ, ಸಾಧಾರಣ ಗಾಡಿಗಳಿಗೆ ವಿರಳ ಗಾಡಿಯ ಎಂಜಿನನ್ನೂ ಬಿಲ್ಲೆಯನ್ನೂ ತೊಡಿಸಿ ಮಾರುವವರು ಹುಟ್ಟಿಕೊಂಡರು. ಆದುದರಿಂದ ಅಲ್ಲಿಯ ಸಂಗ್ರಹಕಾರನು ಬಣ್ಣವನ್ನು ನೋಡುವ ಮುನ್ನ ಎಂಜಿನಿನ ಮೇಲೆ ಕೊರೆದ ಅಂಕೆಯನ್ನೂ ಚಾಸಿಯ ಅಂಕೆಯನ್ನೂ ನೋಡುತ್ತಾನೆ. ಕಾರ್ಖಾನೆಯಲ್ಲಿ ಕೂಡಿಸಿದ ಎಂಜಿನೇ ಇನ್ನೂ ಇರುವುದೆಂದು ರುಜುವಾತಾದರೆ ಒಂದು ಬೆಲೆ. ಇಲ್ಲವಾದರೆ ಇನ್ನೊಂದು ಬೆಲೆ.

ಈ ಎರಡು ಪಾಠಗಳನ್ನು ನಮ್ಮ ಕೊಟ್ಟಿಗೆಗೆ ತರೋಣ. ಅಂಬಾಸಿಡರು ಐದು ದಶಕಗಳಿಗೂ ಮಿಕ್ಕಿ ಲಕ್ಷಗಟ್ಟಲೆ ತಯಾರಾದ ಗಾಡಿ. ಆದುದರಿಂದ ೧೯೯೦ರ ಬಳಿಕದ ಒಂದು ಅಂಬಾಸಿಡರಿಗೆ ಮನೆಯವರ ಪ್ರೀತಿಯ ಬೆಲೆಯಲ್ಲದೆ ಸಂಗ್ರಹದ ಬೆಲೆಯು ಬರುವುದು ಕಷ್ಟ. ಆದರೆ ಲ್ಯಾಂಡ್‌ಮಾಸ್ಟರು, ಮೊದಲ ಅಂಬಾಸಿಡರು, ಚೌಕಳಿ ಜಾಲರಿಯ ಮಾರ್ಕ್ ಎರಡು ಇವುಗಳ ಮಾತು ಬೇರೆ. ಅದರಲ್ಲಿಯೂ ಇವು ತಮ್ಮ ಮೂಲ ಪೆಟ್ರೋಲು ಎಂಜಿನಿನೊಡನೆ ಉಳಿದಿದ್ದರೆ ನಿಜವಾಗಿಯೂ ವಿರಳ. ಏಕೆಂದರೆ ಡೀಸೆಲು ಅಗ್ಗವಾಗಿದ್ದ ಕಾಲದಲ್ಲಿ ಬಹುಮಂದಿ ಅಂಬಾಸಿಡರಿನ ಪೆಟ್ರೋಲು ಎಂಜಿನನ್ನು ಕಿತ್ತು, ಮೆಟಡೋರ್ ಮೊದಲಾದ ಗಾಡಿಗಳ ಡೀಸೆಲು ಎಂಜಿನನ್ನು ಕೂಡಿಸಿದರು. ಅಂದು ಅದು ಉಳಿತಾಯದ ಬುದ್ಧಿ; ಇಂದು ಅದೇ ಗಾಡಿಯ ಬೆಲೆಯನ್ನು ತಿಂದುಹಾಕಿದೆ. ಫಿಯಟಿಗೂ ಡೀಸೆಲು ಬಂದಿತಾದರೂ, ಅನೇಕ ಮನೆಗಳ ಫಿಯಟುಗಳು ಹುಟ್ಟಿದ ಎಂಜಿನಿನೊಡನೆಯೇ ಉಳಿದಿವೆ. ೧೯೫೪ರಿಂದ ೧೯೬೪ರೊಳಗಿನವು ಸಂಗ್ರಹಕಾರರಿಗೆ ಪ್ರಿಯ. ಪದ್ಮಿನಿಗೆ ಇನ್ನೊಂದು ಕಾರಣದಿಂದ ಹೆಸರು ಬಂದಿದೆ. ೨೦ ವರ್ಷಗಳ ವಯೋಮಿತಿಯು ಮುಗಿದುದರಿಂದ, ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು ಬೀದಿಯಿಂದ ಇಳಿಯಿತು. ನಿತ್ಯ ಕಾಣುತ್ತಿದ್ದುದು ಕಾಣದಾದ ಮೇಲೆಯೇ ಜನರು ಅದನ್ನು ಹುಡುಕುವರು. ನಮ್ಮ ಧರ್ಮಸ್ಥಳದಲ್ಲಿಯೂ, ೨೦೨೩ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿಯೂ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಗಾಡಿಗಳನ್ನು ನೋಡಿದವರಿಗೆ ಮೂಲರೂಪದ ಚೆಲುವು ಏನೆಂಬುದು ಮನವರಿಕೆಯಾಗುವುದು.

ಸರಕಾರದ ಕಟ್ಟಳೆಯೂ ಮೂಲರೂಪವನ್ನೇ ಮನ್ನಿಸುವುದು. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳ ನಿಯಮವನ್ನು ಹೊರಡಿಸಿತು. ಅದರಂತೆ, ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ ಗಾಡಿಯು ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಮುಖ್ಯವಾದ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದಿದ್ದರೆ ‘ವಿಂಟೇಜ್’ ಎನಿಸಿಕೊಳ್ಳುವುದು. ಇದಕ್ಕೆ ಹೊಸ ನೋಂದಣಿಯ ಶುಲ್ಕವು ೨೦,೦೦೦ ರೂಪಾಯಿ. ಅವಧಿ ಹತ್ತು ವರ್ಷ. ಬಳಿಕ ನವೀಕರಿಸಲು ೫,೦೦೦. ಮೊದಲೇ ನೋಂದಣಿಯಿದ್ದ ಗಾಡಿಯು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಇಂತಹ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಕೂಡದು; ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಇಂತಹವುಗಳಿಗೆ ಮಾತ್ರ ರಸ್ತೆಗೆ ತರಬಹುದು. ೧೯೭೪–೭೫ರ ಪದ್ಮಿನಿಯೂ, ೧೯೭೫ರ ಮಾರ್ಕ್ ಮೂರೂ ಈಗತಾನೇ ಈ ಹೊಸ್ತಿಲನ್ನು ತಲುಪಿವೆ. ಆದುದರಿಂದಲೇ ಈ ವರ್ಷಗಳಲ್ಲಿ ಅವಸರಪಟ್ಟು ಮಾರುವುದು ವಿವೇಕವಲ್ಲ. ನಿತ್ಯ ಓಡಿಸಬೇಕೆನ್ನುವವರು ವಿಂಟೇಜ್ ನೋಂದಣಿಗೆ ಹೋಗದೆ, ಸಾಧಾರಣ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಳ್ಳತಕ್ಕದ್ದು.

ಯಜಮಾನರು ತೀರಿಕೊಂಡ ಮನೆಗಳಲ್ಲಿ ಗಾಡಿಗಿಂತ ಮೊದಲು ಕೆಡುವುದು ಕಾಗದಪತ್ರ. ಮರಣವಾದ ೩೦ ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರನ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕೆಂಬುದು ನಿಯಮ. ಬಹುಮಂದಿ ಇದನ್ನು ಮರೆಯುವರು. ಹತ್ತು ವರ್ಷಗಳ ಬಳಿಕ ಮಾರಹೊರಟಾಗ, ಊರೂರುಗಳಲ್ಲಿ ಚದುರಿದ ಮಕ್ಕಳ ಸಹಿಗಳನ್ನು ಕೂಡಿಸುವುದೇ ದೊಡ್ಡ ಕೆಲಸವಾಗುವುದು. ಆರ್.ಸಿ. ಪುಸ್ತಕ, ಕೊಂಡಾಗಿನ ರಸೀದಿ, ತೆರಿಗೆಯ ಚೀಟಿ, ಹಳೆಯ ವಿಮೆ, ತಂದೆಯವರು ಗಾಡಿಯೊಡನೆ ನಿಂತ ಭಾವಚಿತ್ರ ಇವುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ. ಈ ಪೆಟ್ಟಿಗೆಯು ಹೊಸ ಬಣ್ಣಕ್ಕಿಂತ ಹೆಚ್ಚಿನ ಬೆಲೆಯನ್ನು ತರುವುದು.

ಎರಡನೆಯ ಶತ್ರು ನಮ್ಮ ಸಮುದ್ರ. ಎರ್ಮಾಳಿನಂತಹ ಊರಿನಲ್ಲಿ ಗಾಳಿಯಲ್ಲಿಯೇ ಉಪ್ಪು ಇರುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ತೇವವು ಆರುವುದೇ ಇಲ್ಲ. ಎರಡು ಗಾಡಿಗಳಿಗೂ ಲಾರಿಯಂತೆ ಬೇರೆ ಚೌಕಟ್ಟು ಇಲ್ಲ. ಮೈಯ ತಗಡೇ ಎಲುಬು. ಆದುದರಿಂದ ನೆಲದ ತಗಡು, ಬಾಗಿಲ ಕೆಳಗಿನ ಅಡ್ಡಪಟ್ಟಿ ಇವು ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ಸಡಿಲವಾದಂತೆ. ಮೇಲೆ ಹೊಳೆಯುವ ಬಣ್ಣವನ್ನು ನೋಡಿ ಮೋಸಹೋಗಬಾರದು. ಕಾಲಡಿಯ ಹಾಸನ್ನು ಎತ್ತಿ ನೋಡಬೇಕು. ಪುಟ್ಟಿ ಮೆತ್ತಿದ್ದರೆ ಅಯಸ್ಕಾಂತವು ಅಲ್ಲಿ ಅಂಟದು. ಅಂಬಾಸಿಡರಿನ ದಪ್ಪ ತಗಡು ಕೆಲವು ಮಳೆಗಾಲಗಳನ್ನು ಹೆಚ್ಚಾಗಿ ತಾಳಬಹುದು. ಫಿಯಟಿನ ತೆಳುಮೈಗೆ ಆ ತಾಳ್ಮೆಯಿಲ್ಲ. ಪ್ಲಾಸ್ಟಿಕ್ ತಾರ್ಪಾಲನ್ನು ಮೈಗೆ ಅಂಟುವಂತೆ ಹೊದಿಸಿದರೆ ಒಳಗೆ ಬೆವರು ಕಟ್ಟಿ, ರಕ್ಷಣೆಯೇ ಮೃತ್ಯುವಾಗುವುದು. ಗಾಳಿಯಾಡುವ ಮಾಡಿನ ಕೆಳಗೆ, ಒಣಗಿದ ನೆಲದ ಮೇಲೆ, ಹತ್ತಿಯ ಬಟ್ಟೆಯನ್ನು ಹೊದಿಸಿ ನಿಲ್ಲಿಸತಕ್ಕದ್ದು. ಸಮುದ್ರದ ಕಡೆಗೆ ಹೋಗಿಬಂದ ದಿನ ಅಡಿಭಾಗಕ್ಕೂ ಸಿಹಿನೀರು ಹಾಯಿಸಬೇಕು.

ಮೂರನೆಯದು ಪೆಟ್ರೋಲು. ಇಂದು ಪಂಪಿನಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ೨೦ರವರೆಗೆ ಎಥನಾಲು ಬೆರೆತಿರುವುದು. ಈ ಎಥನಾಲು ಗಾಳಿಯ ತೇವವನ್ನು ಹೀರುವುದಲ್ಲದೆ, ಹಳೆಯ ಕಾಲದ ರಬ್ಬರು ಕೊಳವೆಗಳನ್ನೂ ಪೆಟ್ರೋಲು ಪಂಪಿನ ಪೊರೆಯನ್ನೂ ಮೆದುವಾಗಿಸುವುದು. ಕೊಳವೆಯು ಒಡೆದು ಬಿಸಿ ಎಂಜಿನಿನ ಮೇಲೆ ಪೆಟ್ರೋಲು ಬಿದ್ದರೆ ಗಾಡಿಯೂ ಹೋಗುವುದು, ಕೊಟ್ಟಿಗೆಯೂ ಹೋಗುವುದು. ಆದುದರಿಂದ ಈಗಿನ ಪೆಟ್ರೋಲಿಗೆ ತಾಳುವ ಹೊಸ ಕೊಳವೆಗಳನ್ನು ಹಾಕಿಸುವುದು ಮೊದಲ ಖರ್ಚು. ಮಳೆಗಾಲಕ್ಕೆ ನಿಲ್ಲಿಸುವ ಮುನ್ನ ಟ್ಯಾಂಕಿಯನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿಡಬೇಕು. ಉಳಿದ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆಯಾದರೂ ಗಾಡಿಯನ್ನು ನಾಲ್ಕೈದು ಮೈಲು ಓಡಿಸಬೇಕು. ನಿಂತ ಗಾಡಿಯ ಬ್ರೇಕು ಹಿಡಿದುಕೊಳ್ಳುವುದು. ಓಡುವ ಗಾಡಿಯು ಆರೋಗ್ಯದಿಂದಿರುವುದು.

ಅಂತೂ, ಯಾವುದು ಮೇಲು? ಎರಡೂ ಸಮನಾಗಿ ಗಟ್ಟಿಯಾಗಿದ್ದು, ಒಂದನ್ನೇ ಇಟ್ಟುಕೊಳ್ಳಲು ಸಾಧ್ಯವಾದರೆ, ಮೂಲ ಎಂಜಿನುಳ್ಳ ಫಿಯಟನ್ನು ಇಟ್ಟುಕೊಳ್ಳಿರೆಂಬುದು ನಮ್ಮ ಸಲಹೆ. ಅದಕ್ಕೆ ಜಾಗ ಕಡಿಮೆ, ಪೆಟ್ರೋಲು ಕಡಿಮೆ, ಓಡಿಸುವ ಸುಖ ಹೆಚ್ಚು. ಓಡಿಸುವ ಸುಖವಿದ್ದರೆ ತಾನೇ ಮನೆಯ ಮಕ್ಕಳು ಅದನ್ನು ಹೊರಗೆ ತೆಗೆಯುವರು. ಆದರೆ ಕೊಟ್ಟಿಗೆಯಲ್ಲಿರುವುದು ಎಂಜಿನು ಬದಲಾಗದ ಹಳೆಯ ಮಾರ್ಕ್ ಎರಡು ಅಂಬಾಸಿಡರಾಗಿದ್ದರೆ, ಈ ಸಲಹೆಯನ್ನು ತಿರುಗಿಸಿ ಓದಿಕೊಳ್ಳತಕ್ಕದ್ದು. ಅದು ಫಿಯಟಿಗಿಂತಲೂ ದುರ್ಲಭ. ಎಂಜಿನು ಬದಲಾಗಿ, ನೆಲವು ತುಕ್ಕು ಹಿಡಿದು, ಕಾಗದವೂ ಇಲ್ಲದ ಗಾಡಿಯಾದರೆ, ಅದು ಯಾವ ಜಾತಿಯದೇ ಆಗಲಿ, ಮೋಹವನ್ನು ಬಿಟ್ಟುಬಿಡುವುದೇ ಲೇಸು. ಅದರ ದೀಪ, ಬಾಗಿಲು, ಮೀಟರುಗಳು ಇನ್ನೊಂದು ಗಾಡಿಗೆ ಜೀವ ಕೊಡಬಹುದು.

ಮುಂಬಯಿಯ ಮಗನೂ ಊರಿನ ತಾಯಿಯೂ ಹೀಗೆ ಒಪ್ಪಂದಕ್ಕೆ ಬರಬಹುದು. ಮೊದಲು ಪೆಟ್ಟಿಗೆಯ ಕಾಗದವನ್ನೂ ಎಂಜಿನಿನ ಅಂಕೆಯನ್ನೂ ಹೋಲಿಸಿ ನೋಡಲಿ. ಬಳಿಕ ಹಾಸನ್ನೆತ್ತಿ ನೆಲವನ್ನು ನೋಡಲಿ. ಕೊನೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಅದನ್ನು ಓಡಿಸುವವರು ಮನೆಯಲ್ಲಿ ಯಾರೆಂದು ಕೇಳಿಕೊಳ್ಳಲಿ. ಮೂರಕ್ಕೂ ಉತ್ತರ ದೊರೆತರೆ ಗಾಡಿಯು ಮನೆಯಲ್ಲಿರಲಿ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಅದನ್ನು ಓಡಿಸಿ ಉಳಿಸಬಲ್ಲವರ ಕೈಗೆ, ಕಾಗದದ ಪೆಟ್ಟಿಗೆಯ ಸಮೇತ, ಬರುವ ಮಳೆಗಾಲಕ್ಕೆ ಮುಂಚೆ ಒಪ್ಪಿಸಿಕೊಡಲಿ. ಹಿರಿಯರ ಗಾಡಿಗೆ ಅದಕ್ಕಿಂತ ಮಿಗಿಲಾದ ಮರ್ಯಾದೆಯಿಲ್ಲ.